ಹೆಗಲ ಬಟ್ಟೆಯ ವಯಸ್ಸು

ಭೌತಶಾಸ್ತ್ರ ಓದಿದ ಸೊಸೆಯನ್ನು ಮನೆಗೆ ತಂದುಕೊಂಡವರು ಅವಳಿಂದ ಮೊದಲು ರಿಪೇರಿ ಮಾಡಿಸಲು ನೋಡುವುದು ಮಿಕ್ಸಿಯನ್ನು. ನನಗೂ ಹಾಗೇ ಆಯಿತು. ಮಿಕ್ಸಿ ಆಯಿತು, ಟೀವಿಯ ರಿಮೋಟು ಆಯಿತು, ಹೋದ ಕರೆಂಟು ಯಾವಾಗ ಬರುತ್ತದೆ ಎಂದು ನನ್ನನ್ನೇ ಕೇಳುವುದೂ ಆಯಿತು. ಕಾಲೇಜಿನಲ್ಲಿ ಪಾಠ ಹೇಳುವವಳಿಗೆ ಪಾಠ ಮಾತ್ರ ಗೊತ್ತಿರುತ್ತದೆ ಎಂದು ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೊಂದು ದಿನ ದೇವರ ಪೆಟ್ಟಿಗೆಯಲ್ಲಿದ್ದ ಬಟ್ಟೆಯ ವಯಸ್ಸನ್ನೂ ನಾನೇ ಹೇಳಬೇಕೆಂದು ತೀರ್ಮಾನವಾಯಿತು.

ನಾನು ಅರಸೀಕೆರೆ ಕಡೆಯವಳು. ಮದುವೆಯಾಗಿ ಬಂದದ್ದು ತುಡಿಯಲೂರಿಗೆ, ಎಷ್ಟೋ ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಇಳಿದು ಬಂದ ನೇಕಾರರ ಮನೆಗೆ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಒಳಗಿನ ಕನ್ನಡದಲ್ಲೂ ಅರ್ಧ ತಮಿಳೇ. ಅಕ್ಕಪಕ್ಕದವರೆಲ್ಲ ಕೈಮಗ್ಗ ಬಿಚ್ಚಿ ಹಾಕಿ ವಿದ್ಯುತ್ ಮಗ್ಗ ಕೂರಿಸಿದ್ದರು. ನನ್ನ ಅತ್ತೆ ಮಾತ್ರ ನಡುಮನೆಯ ಗುಂಡಿಮಗ್ಗವನ್ನು ಬಿಟ್ಟಿರಲಿಲ್ಲ. ಮಾವ ತೀರಿಕೊಂಡ ಮೇಲೂ ಬೆಳಿಗ್ಗೆ ಎರಡು ತಾಸು ಅದರಲ್ಲಿ ಕೂರುತ್ತಿದ್ದರು. ನನ್ನ ಗಂಡ ಪ್ರತಿದಿನ ಬಸ್ಸು ಹತ್ತಿ ತಿರುಪ್ಪೂರಿಗೆ ಹೋಗಿ, ವಿದೇಶಕ್ಕೆ ಹೋಗುವ ಬನಿಯನ್ನುಗಳಲ್ಲಿ ತಪ್ಪು ಹುಡುಕುವ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಇನ್ನೊಬ್ಬಳಿದ್ದಳು, ಗಂಡನ ತಂಗಿ. ಈ ಕಥೆಯೆಲ್ಲ ಅವಳ ಮದುವೆಯದು.

ಪೆಟ್ಟಿಗೆಯಲ್ಲಿದ್ದದ್ದು ಮೊಳ ಅಗಲದ, ಕೆಂಪಂಚಿನ ಹತ್ತಿಯ ಹೆಗಲ ಬಟ್ಟೆ. ವಲಸೆ ಬಂದ ಅಣ್ಣತಮ್ಮಂದಿರಲ್ಲಿ ಅಣ್ಣನ ಹೆಗಲ ಮೇಲೆ ಅದು ಇತ್ತಂತೆ. ವಂಶದಲ್ಲಿ ಯಾವ ಹುಡುಗಿಯ ಮದುವೆಯಾದರೂ ತಾಳಿ ಕಟ್ಟುವ ಮೊದಲು ಆ ಬಟ್ಟೆಯನ್ನು ಅವಳ ಹೆಗಲಿಗೆ ಹೊದಿಸಬೇಕು. ಹೊದಿಸುವ ಹಕ್ಕು ಅಣ್ಣನ ಮನೆಯ ಹಿರಿಯ ಹೆಂಗಸಿನದು. ಅಂದರೆ ನನ್ನ ಅತ್ತೆಯದು. ಅವರು ಊರೂರಿಗೆ ಹೋಗಿ ಕಂಡವರ ಮಕ್ಕಳಿಗೆಲ್ಲ ಅದನ್ನು ಹೊದಿಸಿ ಬಂದಿದ್ದರು. ಇದ್ದ ಒಬ್ಬಳೇ ಮಗಳಿಗೆ ಹೊದಿಸುವುದು ಬಾಕಿಯಿತ್ತು. ಹುಡುಗಿ ಹುಟ್ಟಿದಾಗಿನಿಂದ ಕಾದಿದ್ದೇನೆ ಎಂದು ನನ್ನ ಬಳಿ ಒಮ್ಮೆ ಹೇಳಿದ್ದರು.

ಧಾರಾಪುರದ ಹುಡುಗನ ಜೊತೆ ನಿಶ್ಚಯವಾಯಿತು. ಹುಡುಗನ ಮನೆ ಕಟ್ಟುವ ಕೆಲಸ ಮುಗಿಯಬೇಕಾದ್ದರಿಂದ ಮದುವೆ ಸಂಕ್ರಾಂತಿಯ ಆಚೆಗೆ, ತೈ ತಿಂಗಳಿಗೆ ಹೋಯಿತು. ನಿಶ್ಚಿತಾರ್ಥದ ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ಪೊಳ್ಳಾಚಿಯ ಮಾವ ಬಾಯಿ ತೆಗೆದರು. ಅವರು ನನ್ನ ಮಾವನಿಗೆ ದಾಯಾದಿ. ಮಗ್ಗ ಬಿಟ್ಟು ತೆಂಗಿನಕಾಯಿ ವ್ಯಾಪಾರಕ್ಕಿಳಿದು ಬಹಳ ಕಾಲವಾಗಿತ್ತು. ಅವರ ಮನೆಯ ತಗಡಿನ ಟ್ರಂಕಿನಲ್ಲೂ ಅಂಥದ್ದೇ ಕೆಂಪಂಚಿನ ಒಂದು ಬಟ್ಟೆ ಇತ್ತು.

"ಇದುವರೆಗೂ ಸುಮ್ಮನಿದ್ದೆ. ಆನಾ ನಿಜವಾದ ತುಣಿ ನಮ್ಮದು ತಾನೆ? ಅಣ್ಣನ ಮನೆ ನಮ್ಮದು. ಈ ಕಲ್ಯಾಣಕ್ಕೆ ನಮ್ಮದೇ ಹೊದಿಸಬೇಕು" ಎಂದರು. ಆನಾ ಎಂದರೆ ಆದರೆ, ತುಣಿ ಎಂದರೆ ಬಟ್ಟೆ.

ಅತ್ತೆ ಕೈಯಲ್ಲಿದ್ದ ಎಲೆಯನ್ನು ಹಾಗೇ ಹಿಡಿದು ನಿಂತರು. ಮಾತಿಗೆ ಮಾತು ಬೆಳೆಯಿತು. ಹಿರಿಯರು ಇಬ್ಭಾಗವಾದರು. ಆಗ ಪೊಳ್ಳಾಚಿ ಮಾವ, ಎಲ್ಲೋ ನೆಲ ಅಗೆದಾಗ ಸಿಕ್ಕ ಮಡಕೆ, ಇದ್ದಿಲಿನ ವಯಸ್ಸನ್ನು ಯಂತ್ರದಲ್ಲಿಟ್ಟು ಹೇಳಿದರೆಂದು ಟೀವಿಯಲ್ಲಿ ನೋಡಿದ್ದನ್ನು ನೆನಪಿಸಿಕೊಂಡರು. ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ನಿಮ್ಮ ಮರುಮಗಳು ಸೈನ್ಸ್ ಟೀಚರ್ ತಾನೆ? ಅವಳೇ ಹೇಳ್ಲಿ. ಯಾವುದು ಹಳೇದೋ ಅದಕ್ಕೆ ಹಕ್ಕು" ಎಂದು ಪೊಳ್ಳಾಚಿ ಮಾವ ಅತ್ತೆಗೆ ಹೇಳಿದರು.

ಅತ್ತೆ ನನ್ನನ್ನು ನೋಡಿ, "ಸರಿ, ಕೇಳ್ರಿ ಅವಳನ್ನ" ಎಂದುಬಿಟ್ಟರು. ಅವರ ದನಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಾಗೆ ಅನುಮಾನವಿಲ್ಲದೆ ನಂಬುವವರನ್ನು ಕಂಡರೆ ನನಗೆ ಹೆದರಿಕೆ.

ಅಂದಿನಿಂದ ನನ್ನ ಪ್ರಾಣ ತಿನ್ನಲು ಶುರು. ಕಾಲೇಜಿನಲ್ಲಿ ಅರ್ಧಾಯುವಿನ ಪಾಠವನ್ನು ವರ್ಷವರ್ಷವೂ ಹೇಳಿ ಬೇಸತ್ತವಳು ಮನೆಯಲ್ಲೂ ಅದನ್ನೇ ಹೇಳಬೇಕಾಯಿತು. ಹತ್ತಿ ಗಿಡ ಬೆಳೆಯುವಾಗ ಗಾಳಿಯಿಂದ ಇಂಗಾಲ ತೆಗೆದುಕೊಳ್ಳುತ್ತದೆ, ಅದರಲ್ಲಿ ಅತ್ಯಲ್ಪ ಭಾಗ ತಾನಾಗಿಯೇ ಒಡೆದು ಹೋಗುವಂಥದು. ಗಿಡ ಇರುವವರೆಗೂ ಹೋದಷ್ಟು ಮತ್ತೆ ಬಂದು ಸೇರುತ್ತದೆ. ಹತ್ತಿ ಬಿಡಿಸಿದ ಮೇಲೆ ಹೊಸದು ಬರುವುದಿಲ್ಲ, ಇದ್ದದ್ದು ಕಡಿಮೆಯಾಗುತ್ತ ಹೋಗುತ್ತದೆ. ಅರ್ಧ ಕಡಿಮೆಯಾಗಲು ಐದು ಸಾವಿರದ ಏಳುನೂರು ಚಿಲ್ಲರೆ ವರ್ಷ ಬೇಕು. ಎಷ್ಟು ಉಳಿದಿದೆ ಎಂದು ನೋಡಿದರೆ ಎಷ್ಟು ಕಾಲವಾಯಿತೆಂದು ಗೊತ್ತಾಗುತ್ತದೆ. ಇದಿಷ್ಟೇ. ಇದರಲ್ಲಿ ಅರ್ಥವಾಗದ್ದು ಏನಿದೆ?

"ಹಾಗಾದರೆ ಅದರ ಎರಡರಷ್ಟು ವರ್ಷಕ್ಕೆ ಪೂರ್ತಿ ಖಾಲಿ" ಎಂದರು ನನ್ನ ಗಂಡ.

"ಅಲ್ಲ. ಉಳಿದ ಅರ್ಧದಲ್ಲಿ ಅರ್ಧ ಹೋಗುತ್ತದೆ. ಕಾಲು ಭಾಗ ಉಳಿಯುತ್ತದೆ."

"ಮೊದಲ ಅರ್ಧಕ್ಕೆ ಅಷ್ಟು ವರ್ಷ ಆದರೆ ಎರಡನೇ ಅರ್ಧಕ್ಕೂ ಅಷ್ಟೇ ತಾನೆ ಆಗಬೇಕು?"

ನಾನು ತಟ್ಟೆಯಲ್ಲಿದ್ದ ದೋಸೆಯನ್ನು ಮುರಿದು ತೋರಿಸಿದೆ. ಅರ್ಧ ತಿಂದೆ. ಉಳಿದದ್ದರಲ್ಲಿ ಅರ್ಧ ತಿಂದೆ. ಮತ್ತೆ ಅದರಲ್ಲಿ ಅರ್ಧ. ಬೆರಳ ತುದಿಯಷ್ಟು ಉಳಿದ ಚೂರನ್ನು ಎತ್ತಿ ಹಿಡಿದು, ಇದು ಯಾವತ್ತೂ ಪೂರ್ತಿ ಮುಗಿಯುವುದಿಲ್ಲ ಎನ್ನುವಷ್ಟರಲ್ಲಿ ಅತ್ತೆ, "ಅಷ್ಟಕ್ಕೆ ಯಾಕ ಬಿಡ್ತೀಯ, ಅದನ್ನೂ ತಿನ್ನು ಕಣ್ಣು" ಎಂದರು. ಮುದ್ದು ಬಂದಾಗ ಅವರು ನನ್ನನ್ನು ಕರೆಯುವುದು ಕಣ್ಣು ಎಂದೇ. ನಾನು ತಿಂದೆ. ಪಾಠ ಅಲ್ಲಿಗೆ ಮುಗಿಯಿತು.

ನನ್ನ ಜೊತೆ ಓದಿದವಳೊಬ್ಬಳು ಉತ್ತರದ ಕಡೆಯ ಒಂದು ಪ್ರಯೋಗಾಲಯದಲ್ಲಿದ್ದಳು. ಕಾಡಿ ಬೇಡಿ ಅವಳನ್ನು ಒಪ್ಪಿಸಿದೆ. ಇನ್ನೂರು ಮುನ್ನೂರು ವರ್ಷದ ಬಟ್ಟೆಗೆ ಇದು ಸರಿಯಾದ ಪರೀಕ್ಷೆಯೇ ಅಲ್ಲ, ಆ ಕಾಲದಲ್ಲಿ ಗಾಳಿಯೊಳಗಿನ ಇಂಗಾಲವೇ ಹೆಚ್ಚು ಕಡಿಮೆಯಾಗಿ ಲೆಕ್ಕ ಕಲಸಿಹೋಗಿದೆ ಎಂದು ಅವಳು ಮೊದಲೇ ಹೇಳಿದಳು. ಅದನ್ನು ನಾನು ಮನೆಯಲ್ಲೂ ಹೇಳಿದೆ, ಪೊಳ್ಳಾಚಿಗೂ ಫೋನು ಮಾಡಿ ಹೇಳಿದೆ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತೇನೋ. ಕಳಿಸು ಕಳಿಸು ಎಂಬ ಒಂದೇ ಹಟ.

ಬೆರಳ ಗೆಣ್ಣಿನಷ್ಟು ತುಂಡು ಬೇಕು, ಅದನ್ನು ಸುಟ್ಟು ನೋಡುತ್ತಾರೆ ಎಂದಾಗ ಮಾತ್ರ ಅತ್ತೆಯ ಮುಖ ಇಳಿಯಿತು.

"ಸುಡ್ತಾರಾ? ಸಾಮಿ ತುಣೀನಾ?"

ಒಂದು ವಾರ ಅವರು ಬೆಳಿಗ್ಗೆಯೂ ಸಂಜೆಯೂ ಮಗ್ಗದಲ್ಲೇ ಕೂತರು. ಮಗ್ಗದ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೊಂದು ಶುಕ್ರವಾರ ಸ್ನಾನ ಮಾಡಿ, ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು, ಮೂಲೆಯಿಂದ ಒಂದು ತುಂಡನ್ನು ಕತ್ತರಿಸಿ ನನ್ನ ಅಂಗೈಗೆ ಹಾಕಿದರು. "ಮಗಳಿಗೋಸ್ಕರ" ಎಂದರು. ಕೈಯಲ್ಲಿ ಮುಟ್ಟಬಾರದು, ಚಿಮಟದಲ್ಲಿ ಹಿಡಿದು ಹಾಳೆಯೊಳಗೆ ಹಾಕಬೇಕು ಎಂದು ಸಾರಿ ಸಾರಿ ಹೇಳಿದ್ದೆ. ಆ ಹೊತ್ತಿನಲ್ಲಿ ಗದರಲು ನನಗೆ ಬಾಯಿ ಬರಲಿಲ್ಲ.

ಪೊಳ್ಳಾಚಿಯ ತುಂಡು ಬಂದದ್ದು ನುಸಿಗುಳಿಗೆಯ ವಾಸನೆ ಹೊಡೆಯುತ್ತ. ಆ ಗುಳಿಗೆ ಕಲ್ಲಿದ್ದಲಿನ ಡಾಂಬರಿನಿಂದ ಮಾಡಿದ್ದು, ಅದರ ಇಂಗಾಲ ಸತ್ತು ಯುಗಗಳೇ ಕಳೆದಿವೆ, ಸರಿಯಾಗಿ ತೊಳೆಯದಿದ್ದರೆ ಬಟ್ಟೆ ಇರುವುದಕ್ಕಿಂತ ಹಳೆಯದಾಗಿ ಕಾಣುತ್ತದೆ. ಇದನ್ನು ಹೇಳಿದ್ದಕ್ಕೆ ಪೊಳ್ಳಾಚಿ ಮಾವ, "ಈಗಲೇ ಸಾಕು ಹೇಳಕ್ಕೆ ಶುರು ಮಾಡ್ದೆಯಾ?" ಎಂದರು. ಸಾಕು ಎಂದರೆ ಅವರ ಭಾಷೆಯಲ್ಲಿ ನೆಪ. ನಾನು ನನ್ನ ಅತ್ತೆಯ ಪರವಾಗಿ ನೆಪ ಹುಡುಕುತ್ತಿದ್ದೇನಂತೆ. ತೊಳೆಯುತ್ತೇವೆ, ತಲೆ ಕೆಡಿಸಿಕೊಳ್ಳಬೇಡ ಎಂದು ಗೆಳತಿ ಹೇಳಿದಳು. ಎರಡನ್ನೂ ಕಳಿಸಿ ಕೈತೊಳೆದುಕೊಂಡೆ ಎಂದುಕೊಂಡೆ.

ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಆಡಿ ತಿಂಗಳು ಹೋಯಿತು, ಆವಣಿ ತಿಂಗಳೂ ಹೋಯಿತು. ನೆಂಟರ ಫೋನುಗಳಿಗೆ ಉತ್ತರ ಹೇಳಿ ಹೇಳಿ ನನ್ನ ತಲೆ ಚಿಟ್ಟುಹಿಡಿಯಿತು. ಆಯುಧಪೂಜೆಯ ದಿನ ಮಗ್ಗ ತೊಳೆದು ವಿಭೂತಿ ಬಳಿದು ಕುಂಕುಮ ಇಟ್ಟ ಮೇಲೆ ಅತ್ತೆ ಎಂದಿನಂತೆ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಪ್ರತಿ ವರ್ಷವೂ ಆ ದಿನ ಪೆಟ್ಟಿಗೆಯ ಮುಂದೆ ಅವರು ಹಾಗೆ ಒಬ್ಬರೇ ಕೂರುವುದಿತ್ತು. ಹೂವು, ಊದುಬತ್ತಿ, ಸ್ವಲ್ಪ ಅಳು, ಹೀಗೆ ಏನೋ ಇರಬೇಕೆಂದು ನಾನು ಭಾವಿಸಿದ್ದೆ. ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಹೊರಗೆ ಕೂತೆ.

ದೀಪಾವಳಿ ಕಳೆದ ಮೇಲೆ ವರದಿ ಬಂತು. ಓದಿ ಮುಗಿಸಿ, ಮತ್ತೊಮ್ಮೆ ಮೊದಲಿನಿಂದ ಓದಿದೆ.

ಪೊಳ್ಳಾಚಿಯ ಬಟ್ಟೆ ಕಳೆದ ಮುನ್ನೂರು ವರ್ಷಗಳಲ್ಲಿ ಯಾವಾಗ ಬೇಕಾದರೂ ಆಗಿರಬಹುದು, ಇದಕ್ಕಿಂತ ಬಿಡಿಸಿ ಹೇಳಲು ಸಾಧ್ಯವಿಲ್ಲ ಎಂದಿತ್ತು. ಅಂದರೆ ನಮ್ಮ ಅಜ್ಜಿಯ ಕಾಲದ್ದೂ ಆಗಿರಬಹುದು. ಅದನ್ನು ನಿರೀಕ್ಷಿಸಿದ್ದೆ. ನಮ್ಮ ಬಟ್ಟೆಯದು ಬೇರೆಯೇ ಕತೆ. ಅದರಲ್ಲಿ ಆ ಇಂಗಾಲ ಕಡಿಮೆಯಾಗಿರುವುದಿರಲಿ, ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ದೊಡ್ಡ ದೇಶಗಳು ಬಯಲಿನಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡಿದ ಕಾಲದಲ್ಲಿ ಗಾಳಿಗೆ ಸೇರಿದ ಇಂಗಾಲ ಅದು. ಆ ಪರೀಕ್ಷೆಗಳ ನಂತರ ಬೆಳೆದ ಹತ್ತಿಯಲ್ಲಲ್ಲದೆ ಬೇರೆಲ್ಲೂ ಅಷ್ಟು ಇರಲು ಸಾಧ್ಯವಿಲ್ಲ. ಎಷ್ಟು ಹೆಚ್ಚಿದೆ ಎಂಬ ಲೆಕ್ಕದಿಂದ, ವಲಸೆ ಬಂದ ಅಣ್ಣನ ಹೆಗಲ ಮೇಲಿದ್ದ ಬಟ್ಟೆಯ ಹತ್ತಿ ನನ್ನ ಅತ್ತೆ ಮದುವೆಯಾಗಿ ಬಂದ ಮೇಲೆ ಬೆಳೆದದ್ದು ಎಂದು ಯಂತ್ರ ಹೇಳುತ್ತಿತ್ತು.

ಅತ್ತೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಬಟ್ಟೆಯನ್ನು ಯಾರಾದರೂ ಬದಲಾಯಿಸಿದ್ದುಂಟೇ, ಕಳೆದುಹೋಗಿತ್ತೇ, ಇಲಿ ಕಡಿದಿತ್ತೇ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಯಾರು ಮಾತ್ತಾರೆ, ಯಾಕೆ ಬದ್ಲಾಯಿಸ್ತಾರೆ? ಅದೇ ತುಣಿ. ನವೆದಿರೋ ಎಳೆ ತೆಗೆದು ಬೇರೆ ಎಳೆ ಹಾಕ್ತೀನಿ, ಅಷ್ಟೇ."

"ಎಳೆ ಹಾಕ್ತೀರಾ? ಯಾವಾಗ?"

"ಆಯುಧಪೂಜೆ ದಿನ. ವರ್ಷಾವರ್ಷ ಹಾಕ್ತೀನಲ್ಲ. ನಾನು ಬಂದಾಗಿಂದ. ಅದಕ್ಕೂ ಮುಂಚೆ ನಮ್ಮ ಅತ್ತೆ ಹಾಕ್ತಿದ್ರು."

ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ವರ್ಷಕ್ಕೆ ಹತ್ತಾರು ಎಳೆಯಂತೆ ಸೂಜಿಯಲ್ಲಿ ಉದ್ದಕ್ಕೂ ಅಡ್ಡಕ್ಕೂ ತುಂಬುತ್ತ ಬಂದರೆ ಮೊಳ ಅಗಲದ ಬಟ್ಟೆ ಪೂರ್ತಿ ಹೊಸದಾಗಲು ಎಷ್ಟು ಕಾಲ ಬೇಕು? ಹಳೆಯ ಒಂದು ನೂಲೂ ಅದರಲ್ಲಿ ಉಳಿದಿರಲಾರದು.

"ನನಗೆ ಯಾಕೆ ಹೇಳಲಿಲ್ಲ ಅತ್ತೆ? ಕತ್ತರಿಸುವಾಗಲಾದರೂ ಹೇಳಬಾರದಿತ್ತೇ?"

"ಇದ್ರಲ್ಲಿ ಹೇಳೋದೇನೈತೆ ಕಣ್ಣು? ತರಿಯಲ್ಲಿ ಪಾವು ಮುಗಿದ್ರೆ ಹಳೇ ಎಳೆಗೆ ಹೊಸ ಎಳೆ ಮುಡಿ ಹಾಕ್ತೀವಿ. ಅದಕ್ಕೆಲ್ಲಾ ಯಾರ್ಕಿಟ್ಟಾದರೂ ಹೇಳ್ತೀವಾ?"

ತರಿ ಎಂದರೆ ಮಗ್ಗ, ಪಾವು ಎಂದರೆ ಅದರ ಹಾಸು, ಉದ್ದಕ್ಕೆ ಬಿಗಿದ ನೂಲು. ಇದು ನೇಕಾರರ ಮನೆಗಳಲ್ಲಿ ದಿನನಿತ್ಯದ ಸಂಗತಿ. ಮಗ್ಗದ ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ತೆಗೆಯುವುದಿಲ್ಲ. ಎಳೆಗಳನ್ನು ಎತ್ತಿ ಇಳಿಸುವ ಅಣಿಯೊಳಗೆ ಹಳೆಯ ಎಳೆಗಳ ತುದಿಗಳನ್ನು ಬಿಟ್ಟು, ಒಂದೊಂದಕ್ಕೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸುತ್ತಾರೆ. ಹಾಗೆ ನೋಡಿದರೆ ನಮ್ಮ ನಡುಮನೆಯ ಮಗ್ಗದ ಹಾಸು ಮುತ್ತಜ್ಜನ ಕಾಲದಿಂದ ಒಮ್ಮೆಯೂ ಮುಗಿದಿಲ್ಲ. ಎಳೆ ಬರುತ್ತದೆ, ಹೋಗುತ್ತದೆ, ಬಟ್ಟೆ ಇರುತ್ತದೆ ಎಂಬುದು ಅವರಿಗೆ ಎಷ್ಟು ಸಹಜವೆಂದರೆ ಅದು ಹೇಳಬೇಕಾದ ವಿಷಯವೆಂದು ಯಾರಿಗೂ ಹೊಳೆದಿರಲಿಲ್ಲ. ಆದರೆ ಯಂತ್ರಕ್ಕೆ ಬಟ್ಟೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಳೆ ಮಾತ್ರ.

ಸಂಜೆ ಗಂಡ ಬಂದಾಗ ಅವರ ಮೇಲೆ ಹರಿಹಾಯ್ದೆ. ಅವರಿಗೂ ಇದು ಗೊತ್ತಿತ್ತು.

"ಅಮ್ಮ ಎಳೆ ಹಾಕೋದು ಗೊತ್ತಿತ್ತಪ್ಪ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಒಂದು ಎಳೆ ಬೇರೆ ಬಣ್ಣದ್ದಾಗಿದೆಯೆಂದು ಸಾವಿರಾರು ಬನಿಯನ್ನುಗಳನ್ನು ವಾಪಸ್ ಕಳಿಸುವ ಮನುಷ್ಯ ಆಡುವ ಮಾತೇ ಇದು! ಮೈಯೆಲ್ಲ ಉರಿಯಿತು. ಅವರ ಪಾಲಿಗೆ ಅದು ಆಫೀಸು, ಇದು ಮನೆ. ಮನೆಯೊಳಗೆ ಬರುವಾಗ ಚಪ್ಪಲಿಯ ಜೊತೆ ಬುದ್ಧಿಯನ್ನೂ ಹೊರಗೆ ಬಿಟ್ಟು ಬರುವುದು ಬಹಳ ಗಂಡಸರ ಅಭ್ಯಾಸ.

ವರದಿಯನ್ನು ಮುಚ್ಚಿಡುವ ಹಾಗಿರಲಿಲ್ಲ. ಪೊಳ್ಳಾಚಿ ಮಾವ ಮಾರನೆಯ ಭಾನುವಾರವೇ ನಾಲ್ವರು ಹಿರಿಯರನ್ನು ಕಟ್ಟಿಕೊಂಡು ಬಂದರು. ನಾನು ಓದಿ ಹೇಳಿದೆ. ಕಳೆದ ಮುನ್ನೂರು ವರ್ಷಗಳಲ್ಲಿ ಯಾವಾಗಲೋ ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿದರು.

"ಮುನ್ನೂರು ಅಂತ ಬರ್ದಿದೆಯಾ ಇಲ್ವಾ?"

"ಬರೆದಿದೆ. ಆದರೆ ಅದರ ಅರ್ಥ..."

"ಆದರೆಯೆಲ್ಲಾ ಬೇಡಮ್ಮ. ಮುನ್ನೂರು ಬರ್ದಿದೆ. ನಿಮ್ಮದು ಹೊಸದು ಅಂತ ಬರ್ದಿದೆ. ಮುಡಿಂಜಿ ಹೋಯ್ತು, ಮುಗೀತು."

ನಾನು ಬಿಡಲಿಲ್ಲ. ಗಿಡ ಇರುವವರೆಗೂ ಅದಕ್ಕೆ ಈ ಲೆಕ್ಕದಲ್ಲಿ ವಯಸ್ಸೇ ಇಲ್ಲ ಎಂದೆ. ನೂರಾರು ವರ್ಷದ ಆಲದ ಮರದ ಇವತ್ತಿನ ಚಿಗುರನ್ನು ಸುಟ್ಟು ನೋಡಿದರೆ ಅದು ಇವತ್ತಿನದೆಂದೇ ಯಂತ್ರ ಹೇಳುತ್ತದೆ, ಅಷ್ಟಕ್ಕೇ ಮರ ಹೊಸದಾಗುತ್ತದೆಯೇ? ನಮ್ಮ ಬಟ್ಟೆಗೆ ಹೊಸ ಎಳೆ ಸೇರುತ್ತಲೇ ಇದೆ. ಅದನ್ನು ಹೀಗೆ ಅಳೆಯಲು ಬರುವುದಿಲ್ಲ. ನಿಮ್ಮದು ಟ್ರಂಕಿನಲ್ಲಿ ಸುಮ್ಮನೆ ಬಿದ್ದಿತ್ತು, ಅದಕ್ಕೇ ಅಳತೆಗೆ ಸಿಕ್ಕಿತು. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

"ಹಾಗಾದ್ರೆ ನಿಮ್ಮ ತುಣಿಗೆ ಉಸಿರೈತೆ ಅನ್ನು" ಎಂದರು ಪೊಳ್ಳಾಚಿ ಮಾವ. ಹಿರಿಯರು ನಕ್ಕರು. ಕಾಫಿ ಬಂತು. ಅಷ್ಟರಲ್ಲಿ ತೀರ್ಮಾನವಾಗಿಹೋಗಿತ್ತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ನನಗೆ ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಅವರು ಬಂದು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಮದುವೆ ಧಾರಾಪುರದಲ್ಲಿ ನಡೆಯಿತು. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿದ್ದ ಮಂಟಪ. ತಾಳಿಯ ಹೊತ್ತಿಗೆ ಪೊಳ್ಳಾಚಿ ಮಾವನ ಹೆಂಡತಿ ತಗಡಿನ ಡಬ್ಬಿಯಿಂದ ಬಟ್ಟೆ ತೆಗೆದು ಹುಡುಗಿಯ ಹೆಗಲಿಗೆ ಹೊದಿಸಿದರು. ನುಸಿಗುಳಿಗೆಯ ವಾಸನೆಗೆ ಹುಡುಗಿ ಎರಡು ಸಲ ಸೀನಿದಳು. ಬಟ್ಟೆ ಹಳದಿಯಾಗಿತ್ತು, ಮಡಿಕೆ ಬಿದ್ದಲ್ಲೆಲ್ಲ ಸವೆದು ಸೀಳು ಬಿಟ್ಟಿತ್ತು. ಪಕ್ಕದಲ್ಲಿ ನಿಂತಿದ್ದ ಅತ್ತೆಯ ಕಣ್ಣು ಮಗಳ ಮುಖದ ಮೇಲಿರದೆ ಆ ಸೀಳಿನ ಮೇಲಿತ್ತು. ಅವರ ಬೆರಳುಗಳು ತಾವಾಗಿಯೇ ಮುಂದೆ ಹೋಗಿ ಒಂದು ಬಿಟ್ಟ ಎಳೆಯನ್ನು ಹಿಡಿದವು.

"ಮುಟ್ಟಬೇಡಿ ಅಕ್ಕ. ಹಳೇದು" ಎಂದರು ಆಕೆ.

ಅತ್ತೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಸೇರಿಸಿದರು. ನಾಗಸ್ವರದವರು ಜೋರಾಗಿ ಊದಿದರು. ನಾನು ಅಕ್ಷತೆ ಹಾಕುವುದನ್ನು ಮರೆತು ಮುಷ್ಟಿಯಲ್ಲೇ ಹಿಡಿದು ನಿಂತಿದ್ದೆ. ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಪೊಳ್ಳಾಚಿಯವರ ಮೇಲೆ ಮಾಡಿಕೊಂಡೆ, ಹಿರಿಯರ ಮೇಲೆ ಮಾಡಿಕೊಂಡೆ, ಕೊನೆಗೆ ನನ್ನ ವಿಷಯದ ಮೇಲೆಯೇ ಮಾಡಿಕೊಂಡೆ. ಒಂದೂ ತಪ್ಪಿಲ್ಲದ ಉತ್ತರ ಕೊಟ್ಟು ಇಷ್ಟು ಅನ್ಯಾಯ ಮಾಡಲು ವಿಜ್ಞಾನಕ್ಕೆ ಹೇಗೆ ಸಾಧ್ಯವಾಯಿತೆಂದು ಈಗಲೂ ನನಗೆ ಸಂಕಟವಾಗುತ್ತದೆ.

ಮುಂದಿನ ಆಯುಧಪೂಜೆ ಬಂತು. ಮಗ್ಗ ತೊಳೆದದ್ದಾಯಿತು, ವಿಭೂತಿ ಬಳಿದದ್ದಾಯಿತು. ಪೊರಿ ಕಡಲೆ ಹಂಚಿದ್ದೂ ಆಯಿತು. ದೇವರ ಕೋಣೆಯ ಬಾಗಿಲು ತೆರೆದೇ ಇತ್ತು. ಅತ್ತೆ ಹೊರಗೆ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಎಳೆ ಹಾಕೋದಿಲ್ವಾ ಅತ್ತೆ?" ಎಂದು ಕೇಳಿದೆ.

"ಹೊಸ ತುಣಿಗೆ ಯಾರು ಎಳೆ ಹಾಕ್ತಾರೆ?"

ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ನಾನು ಮತ್ತೆ ನನ್ನ ಪುರಾಣ ತೆಗೆದೆ. ನಾವು ಕೇಳಿದ ಪ್ರಶ್ನೆಯೇ ಸರಿಯಿರಲಿಲ್ಲ, ಬಟ್ಟೆ ಹಳೆಯದೇ, ನೀವು ಹೇಳಿದ್ದೇ ನಿಜ ಎಂದೆ. ಅವರು ಸಿಪ್ಪೆಯನ್ನು ಬೇರೆ, ಕಾಳನ್ನು ಬೇರೆ ಹಾಕುತ್ತಲೇ ಇದ್ದರು.

"ನೀನೇ ತಾನೆ ಓದಿ ಹೇಳಿದ್ದು" ಎಂದರು.

"ಹಾಗಾದರೆ ನನಗೆ ಹೇಳಿಕೊಡಿ. ನಾನು ಹಾಕ್ತೀನಿ."

ಅತ್ತೆ ಮೊದಲ ಸಲ ತಲೆ ಎತ್ತಿ ನನ್ನ ಬೆರಳುಗಳನ್ನು ನೋಡಿದರು.

"ಬೇಡ ಕಣ್ಣು. ಹಂಗೇ ಇರ್ಲಿ ಬಿಡು. ಇನ್ಮೇಲಾದ್ರೂ ಹಳೇದಾಗ್ಲಿ."

ನಾನು ಎದ್ದು ಒಳಗೆ ಹೋಗಿ ಪೆಟ್ಟಿಗೆ ತೆರೆದೆ. ವರದಿ ಬರಲೆಂದು ಕಳೆದ ವರ್ಷ ಹಾಗೇ ಬಿಟ್ಟಿದ್ದರೇನೋ, ಕತ್ತರಿಸಿದ ಮೂಲೆಯನ್ನು ಅವರು ಮುಚ್ಚಿಯೇ ಇರಲಿಲ್ಲ. ಅದರ ಅಂಚಿನಿಂದ ಎಳೆಗಳು ಬಿಟ್ಟುಕೊಂಡು ಇಳಿಬಿದ್ದಿದ್ದವು.